ಮುಮ್ಮುಖ, ಹಿಮ್ಮುಖ

ಆಯಸ್ಕಾಂತದ ಬಳಿ ಹಿಡಿದ ದಿಕ್ಸೂಚಿಯ ಮುಳ್ಳು ಗಿರ್ರನೆ ತಿರುಗಿ, ನಿಲ್ಲಬಾರದ ಕಡೆಗೆ ನಿಂತುಬಿಟ್ಟಿತು. ಅಕ್ಕ ಬೆರಳಿನಿಂದ ತಟ್ಟಿ ನೋಡಿದಳು. ಮುಳ್ಳು ಒಮ್ಮೆ ನಡುಗಿ ಮತ್ತೆ ಅಲ್ಲಿಗೇ ಬಂತು.

ಪ್ರಯೋಗಾಲಯದಲ್ಲಿ ನಿರ್ದೇಶಕರೂ ಸೇರಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಮೋನಿಯಾವನ್ನು ಹೆಪ್ಪುಗಟ್ಟಿಸಿ, ಕುಟ್ಟಿ, ಜರಡಿ ಹಿಡಿದು, ಆ ಹರಳುಗಳನ್ನು ದೊಡ್ಡ ಆಯಸ್ಕಾಂತದ ನಡುವೆ ಇಟ್ಟು, ಅವುಗಳೊಳಗಿನ ಪ್ರೋಟಾನುಗಳ ಸ್ಪಿನ್ನನ್ನು, ಅಂದರೆ ಗಿರಕಿಯನ್ನು, ಒಂದೇ ದಿಕ್ಕಿಗೆ ತಿರುಗಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅವಕ್ಕೆ ಎಲೆಕ್ಟ್ರಾನುಗಳನ್ನು ಹೊಡೆದು, ಅವು ಎತ್ತೆತ್ತ ಚದುರುತ್ತವೆಂದು ಎಣಿಸಿ, ಪ್ರೋಟಾನಿನ ಒಡಲಲ್ಲಿ ಏನಿದೆಯೆಂದು ಹೇಳುವುದು ವಿಜ್ಞಾನಿಗಳ ಕೆಲಸ.

ಈ ಸಲ ಲೆಕ್ಕದ ಉತ್ತರದಲ್ಲಿ ಧನ ಚಿಹ್ನೆ ಬರಬೇಕಾದ ಕಡೆ ಋಣ ಚಿಹ್ನೆ ಬಂದಿತ್ತು. ಯಾರೂ ಕಾಣದ್ದನ್ನು ಕಂಡೆವೆಂದು ಪ್ರಯೋಗದ ಮುಖ್ಯಸ್ಥರು ಹಿಗ್ಗಿಹೋಗಿದ್ದರು. ಲೆಕ್ಕ ಹಾಕಿದ್ದು, ಹೆರಿಗೆಗೆ ಮುಂಚೆ ಪ್ರಬಂಧ ಮುಗಿಸಬೇಕೆಂದು ಹಟ ಹಿಡಿದಿದ್ದ ಒಬ್ಬ ಸಂಶೋಧಕಿ. ಅಂದು ಮಧ್ಯಾಹ್ನ ಮೂರಕ್ಕೆ ಎಲ್ಲರೆದುರು ಅದನ್ನು ಸಾರಬೇಕಾದವಳೂ ಅವಳೇ.

ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕನಿಗೆ ಒಂದು ಅನುಮಾನ ಹೊಕ್ಕಿತ್ತು. ಪ್ರಯೋಗ ಶುರುವಾಗುವ ಮುನ್ನ ಆಯಸ್ಕಾಂತದ ಸವೆದ ಕೇಬಲ್ಲುಗಳನ್ನು ಬದಲಿಸಿದ್ದು ತಾನೇ. ಅವು ಅದಲುಬದಲಾಗಿದ್ದರೆ? ಮುಮ್ಮುಖವೆಂದು ಬರೆದಿಟ್ಟ ಸ್ಪಿನ್ನೆಲ್ಲ ಹಿಮ್ಮುಖ. ಈಗ ಮುಳ್ಳು ಹೇಳುತ್ತಿದ್ದುದೂ ಅದನ್ನೇ. ಸದ್ದಿಲ್ಲದೆ ಕೇಬಲ್ ಸರಿಪಡಿಸಿ ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಮೂರು ಗಂಟೆಗೆ ಆ ಹುಡುಗಿ ಅಷ್ಟು ಜನರ ಮುಂದೆ ನಿಲ್ಲುವುದನ್ನು ನೆನೆದು, ಮೆಟ್ಟಿಲು ಹತ್ತಿ ಸಂಶೋಧಕಿಯ ಕೋಣೆಗೆ ಹೋದಳು.

"ಏಳ್ಬೇಡ, ಕೂತಿರು," ಎಂದಳು. "ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ನಂದು. ಕೇಬಲ್ ಉಲ್ಟಾ ಹಾಕಿದೀನಿ."

ಸಂಶೋಧಕಿ ಪೆನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತು. ನೋಡನೋಡುತ್ತಲೇ ಅವಳು ನಗತೊಡಗಿದಳು.

"ಹದಿನೈದು ದಿನದಿಂದ ಊಟ ಸೇರ್ತಿಲ್ಲ ಅಕ್ಕ. ಎಲ್ಲರೂ ಭೇಷ್ ಅಂತಾರೆ, ನಂಗೆ ಮಾತ್ರ ಎಲ್ಲೋ ಎಡವಿದೀನಿ ಅಂತ ಭಯ. ಹುಡುಕಿ ಹುಡುಕಿ ಸಾಕಾಗಿತ್ತು."

"ಮತ್ತೆ ಮೊದಲಿಂದ ಅಳೀಬೇಕಾ?"

"ಏನೂ ಬೇಡ. ಚಿಹ್ನೆ ತಿರುಗಿಸಿದ್ರೆ ಆಯ್ತು."

ವಿಷಯ ತಿಳಿದ ಮುಖ್ಯಸ್ಥರ ಮುಖ ಮಾತ್ರ ಇಳಿದುಹೋಯಿತು. ಕಿಟಕಿಯಾಚೆ ನೋಡುತ್ತ, ಪ್ರೋಟಾನು ಎಂದಿನ ಪ್ರೋಟಾನೇ ಆಗಿದ್ದರೂ ನಷ್ಟವೇನಿಲ್ಲ ಬಿಡಿ ಎಂದರು. ಸಭೆಯಲ್ಲಿ ಕೇಬಲ್ಲಿನ ಮಾತನ್ನು ಅಕ್ಕನೇ ಹೇಳಲಿ ಎಂದೂ ಅಂದರು. ಅವಳು ಹೇಳಿದಳು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು ದಿಕ್ಸೂಚಿಯನ್ನು ಎಷ್ಟು ದೂರದಲ್ಲಿ ಹಿಡಿದಿದ್ದಿರಿ ಎಂದು ಕೇಳಿ, ಉತ್ತರವನ್ನು ಬರೆದುಕೊಂಡರು.

ಆಮೇಲೆ ಅವಳು ಕೆಳಗಿಳಿದು ಬಂದು, ಕೇಬಲ್ಲುಗಳನ್ನು ಬಿಚ್ಚಿ ಸರಿಯಾಗಿ ಜೋಡಿಸಿದಳು. ಒಂದರ ತುದಿಗೆ ಕೆಂಪು ಬಣ್ಣ ಬಳಿದಳು. ಸ್ಟೂಲಿನ ಮೇಲೆ ಕೂತು, ಅದು ಒಣಗಲೆಂದು ಮೆಲ್ಲಗೆ ಊದತೊಡಗಿದಳು.