ಹುಳಪ್ಪನ ಸೀಸೆಗಳು

ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು.

“ಸ್ವಲ್ಪ ಓರೆ ಮಾಡ್ರಪ್ಪಾ, ಗೋಡೆಗೆ ತಾಗ್ತಿದೆ!” ಕೆಳಗಿನ ಮನೆಯವನು ಕೂಗಿದ. “ನಮ್ಮ ಹುಳಪ್ಪ ಬದುಕಿದ್ದಾಗ ಯಾರಿಗೂ ಅಡ್ಡ ಬಂದೋನಲ್ಲ. ಇವತ್ತು ನೋಡಿ!”

ಯಾರೋ ಕಿಸಕ್ಕನೆ ನಕ್ಕರು. ಮಗಳಿಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆ ತೊಳೆದವನಿಗೆ ಸತ್ತ ದಿನವೂ ಅದೇ ಅಡ್ಡಹೆಸರು. ಕೆಳಗೆ ಬಾಗಿಲ ಬಳಿ ಆ ಪ್ರಯೋಗಾಲಯದ ಪ್ರೊಫೆಸರ್ ಕಂಕುಳಲ್ಲಿ ಫೈಲು ಇಟ್ಟುಕೊಂಡು ನಿಂತಿದ್ದರು. ಮಹಾಶಯರಿಗೆ ಈಗ ಪುರುಸೊತ್ತಾಯಿತು!

* * *

“ಇಲ್ನೋಡು ಪುಟ್ಟೀ,” ಅಪ್ಪ ಅವಳ ಕೈಗೆ ಭೂತಗನ್ನಡಿ ಕೊಟ್ಟಿದ್ದ. “ಈ ಎರಡು ಎಲೆಜೀರುಂಡೆ ದೊಡ್ಡವಾದ್ಮೇಲೆ ಥೇಟ್ ಅವಳಿಜವಳಿ. ಎಲ್ರೂ ಒಂದೇ ವಂಶ ಅಂತಾರೆ. ಮರಿಹುಳದ ಬೆನ್ನು ನೋಡು. ಇದಕ್ಕೆ ಸಾಲುಸಾಲು ಗಂಟು, ಅದಕ್ಕೆ ಬರೀ ರೋಮ. ದವಡೆ ಹಲ್ಲೂ ಬೇರೆ. ಬೆಳೆದ್ಮೇಲೆ ವೇಷ ಹಾಕ್ತಾವೆ ಕಣೇ. ಯಾರ ಬುಡ ಎಲ್ಲಿ ಅಂತ ಗೊತ್ತಾಗೋದು ಮರಿಯಾಗಿದ್ದಾಗ್ಲೇ.”

ಇದನ್ನೇ ಅಪ್ಪ ಕಾಲೇಜಿನಲ್ಲಿ ಹೇಳಿದಾಗ ಪ್ರೊಫೆಸರ್, “ನಿನ್ ಕೆಲಸ ಸೀಸೆ ತೊಳೆಯೋದು,” ಎಂದು ಎಲ್ಲರೆದುರು ನಕ್ಕಿದ್ದರು. ಅಪ್ಪ ಮನೆಯಲ್ಲೇ ಸಾಕಿದ ಮರಿಹುಳಗಳನ್ನು ನಲವತ್ತು ಸೀಸೆಗಳಲ್ಲಿಟ್ಟು, ಹುಳ ಒಣಗಿ ಕೆಡದಂತೆ ತಿಂಗಳು ತಿಂಗಳೂ ಆರಿದಷ್ಟು ಸ್ಪಿರಿಟ್ ತುಂಬುತ್ತ ಬಂದ.

ಆಸ್ಪತ್ರೆ ಸೇರಿದ ಮೇಲೆ ಆರು ತಿಂಗಳೂ ಒಂದೇ ಪ್ರಶ್ನೆ: “ಸ್ಪಿರಿಟ್ ಹಾಕಿದ್ಯಾ?”

“ಹಾಕ್ದೆ ಅಪ್ಪಾ.”

ಒಂದು ತೊಟ್ಟೂ ಹಾಕಿರಲಿಲ್ಲ. ಅಪ್ಪನ ಬದುಕನ್ನೇ ತಿಂದ ಹುಳಗಳು ಹಾಳಾಗಿ ಹೋಗಲಿ ಎಂಬ ಸಿಟ್ಟು ಅವಳಿಗೆ.

* * *

ಪೆಟ್ಟಿಗೆ ಗಾಡಿಯೊಳಗೆ ಹೋದ ಮೇಲೆ ಪ್ರೊಫೆಸರ್ ಹತ್ತಿರ ಬಂದರು.

“ತಡ ಮಾಡ್ಬಿಟ್ಟೆ ಕಣಮ್ಮಾ.” ಫೈಲಿನಿಂದ ವಿಜ್ಞಾನ ಪತ್ರಿಕೆಗೆ ಬರೆದ ಲೇಖನದ ಹಾಳೆ ತೆಗೆದರು. ಮೇಲೆ ಅಪ್ಪನ ಪೂರ್ತಿ ಹೆಸರು, ಅದರ ಕೆಳಗೆ ಅವರದು. “ಅವನು ಹೇಳಿದ್ದೇ ಸರಿ, ತಪ್ಪು ನಂದು. ಹೋದ ವಾರ ಆಸ್ಪತ್ರೆಗೆ ಹೋಗಿ ಓದಿ ಹೇಳ್ದೆ. ಅತ್ತುಬಿಟ್ಟ. ‘ಸೀಸೆಗಳು ಮಗಳ ಹತ್ರ ಭದ್ರವಾಗಿವೆ ಸಾರ್’ ಅಂದ.”

ಅವಳು ತಲೆಯೆತ್ತಿ ಮೇಲಿನ ಮನೆಯ ಕಿಟಕಿಯತ್ತ ನೋಡಿದಳು.

“ಆ ಹುಳ ಕಣ್ಣಾರೆ ನೋಡ್ದೆ ಪತ್ರಿಕೆಯೋರು ಅಚ್ಚು ಹಾಕಲ್ಲಮ್ಮ. ಬೇರೆ ತರೋಣ ಅಂದ್ರೆ ಆ ಹುಳ ಸಿಗ್ತಿದ್ದ ಗಿಡಗಳ ಜಾಗದಲ್ಲಿ ಈಗ ರಸ್ತೆ ಇದೆ.”

“ಭಲೇ ಹುಳಪ್ಪ!” ಎಂದ ಕೆಳಗಿನ ಮನೆಯವನು. ಈ ಸಲ ಯಾರೂ ನಗಲಿಲ್ಲ.

ಅವಳು ಮೇಲೆ ಹೋಗಿ, ಕಪಾಟಿನಿಂದ ಒಂದು ಸೀಸೆ ತಂದು ಅವರ ಅಂಗೈಯಲ್ಲಿಟ್ಟಳು. ಚೀಟಿಯ ಮೇಲಿನ ಅಪ್ಪನ ಅಕ್ಷರ ಇನಿತೂ ಮಾಸಿರಲಿಲ್ಲ. ಸ್ಪಿರಿಟ್ ಪೂರ್ತಿ ಆರಿದ ಸೀಸೆಯೊಳಗೆ ಎಳ್ಳಿನಂಥ ಕರೀ ಚೂರೊಂದು ಉರುಳಿ ಗಾಜಿಗೆ ಟಿಕ್ಕೆಂದು ಬಡಿಯಿತು.