ಚಿತ್ರವಿಲ್ಲದ ಆಟ

ಕಿರಣನ ಕೈಯಲ್ಲಿದ್ದ ಬೆಂಕಿಯ ಮಡಕೆಯನ್ನು ಚಿಕ್ಕಪ್ಪ ಶಾಂತಾರಾಮ ಕಿತ್ತುಕೊಂಡೇಬಿಟ್ಟ. ಎಳೆದ ರಭಸಕ್ಕೆ ಮಡಕೆ ಕಟ್ಟಿದ್ದ ಹಗ್ಗ ಉಜ್ಜಿ ಕಿರಣನ ಬೆರಳು ತರಚಿತು.

"ಎಡವಿ ಬಿದ್ರೆ ಕೆಂಡ ಎಲ್ಲ ಮೈಮೇಲೆ ಬೀಳ್ತದೆ ಮಾರಾಯ. ಇದನ್ನ ವೈಭವ ಹಿಡೀಲಿ. ನನ್ನ ಮಗ ಅಂದ್ರೆ ಸತ್ತವಂಗೆ ಅಂವನೂ ತಮ್ಮನೇ ಅಲ್ವ?"

"ಒಡಹುಟ್ಟಿದವ ನಾನು," ಎಂದ ಕಿರಣ.

"ಯಾರು ಅಲ್ಲ ಅಂದ್ರು? ಆದ್ರೆ ಮೂರು ಸುತ್ತು ಬರೂಕೆ, ಬೆಂಕಿ ಇಡೂಕೆ ಕಣ್ಣು ಬೇಕು. ನೀ ಹೋಗಿ ಸೌದೆ ಮೇಲೆ ಬಿದ್ರೆ ಊರವ್ರು ನಂಗೆ ಉಗೀತಾರೆ."

ಬಿಳಗಿಯ ಆ ಸಣ್ಣ ಮನೆಯ ಅಂಗಳದಲ್ಲಿ ಕಮಲಾಕರನ ಹೆಣ ಚಟ್ಟದ ಮೇಲಿತ್ತು. ಹಿಂದಿನ ದಿನ ಸಿದ್ದಾಪುರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಾರದೋ ಮದುವೆಯ ಕರೆಯ ಕಾಗದಕ್ಕೆ ಅಕ್ಷರ ಜೋಡಿಸುತ್ತಿದ್ದವನು ಕೀಬೋರ್ಡಿನ ಮೇಲೆ ತಲೆಯಿಟ್ಟ, ಮತ್ತೆ ಎತ್ತಲಿಲ್ಲ. ತಾಲೂಕಿನ ಅರ್ಧ ಮದುವೆಗಳಿಗೆ ಕಾಗದ ಮಾಡಿಕೊಟ್ಟವನಿಗೆ ತನ್ನದೊಂದು ಮದುವೆ ಆಗಿರಲಿಲ್ಲ. ಅಪ್ಪ ಅಮ್ಮ ಮೊದಲೇ ಹೋಗಿದ್ದರು. ಉಳಿದವನು ತಮ್ಮ ಕಿರಣ ಒಬ್ಬನೇ. ಅಣ್ಣನಿಗೆ ಬೆಂಕಿ ಕೊಡಬೇಕಾದವನು ತಾನು ಎಂದು ಅವನು ಬೆಳಿಗ್ಗೆಯೇ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಬಂದು ನಿಂತಿದ್ದ. ಈಗ ಕೈ ಬರಿದಾಗಿತ್ತು.

ಕಣ್ಣಿಲ್ಲದವನಿಗೆ ಕಿವಿಯೂ ಇರುವುದಿಲ್ಲ ಎಂದು ಜನ ಅದು ಹೇಗೆ ಖಾತ್ರಿ ಮಾಡಿಕೊಂಡಿರುತ್ತಾರೋ! ಜಗಲಿಯ ಮೇಲೆ ಕೂತವರು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

"ಈ ಕುರುಡನ್ನ ಕಟ್ಕಂಡು ಮದ್ವೆನೂ ಆಗ್ಲಿಲ್ಲ, ಪಾಪ."

"ಮದ್ವೆ ಎಲ್ಲಿಂದ?" ಇದು ಶಾಂತಾರಾಮನದೇ ದನಿ. "ಆಯ್ತವಾರ ಬಂತು ಅಂದ್ರೆ ಆ ಕಂಪ್ಯೂಟರಿನ ಮುಂದೆ. ಅದ್ರಲ್ಲಿ ಎಂತದೂ ಕಾಣೂದಿಲ್ಲ, ಬರೀ ಕಪ್ಪು ಗಾಜು. ಅದನ್ನ ನೋಡ್ತಾ ಅಣ್ಣ ತಮ್ಮ ಇಬ್ರೂ ಹಲ್ಲು ಕಿಸಿಯೂದು. ನಾ ಕಣ್ಣಾರೆ ಕಂಡಿದ್ದೆ. ತಲೆ ಸಮ ಇರ್ಲಿಲ್ಲ ಅಂವಂದು."

"ಹೆಣದ ಎದ್ರಿಗೆ ಆಡೂ ಮಾತಾ ಇದು?" ಪಕ್ಕದ ಮನೆಯ ಗೌರಕ್ಕ ಒಳಗಿನಿಂದಲೇ ಗದರಿದಳು. "ಅಂವ ಬದುಕಿದ್ದಾಗ ಒಂದು ದಿನ ಬಂದು ಉಂಡ್ಯ ಅಂತ ಕೇಳ್ಲಿಲ್ಲ. ಈಗ ಯಜಮಾನಿಕೆಗೆ ಬಂದ್ರು."

ಚಟ್ಟ ಎದ್ದಿತು. ಕಿರಣ ತಡವಿ ಹಿಂದಿನ ಬಿದಿರನ್ನು ಹುಡುಕಿ ಹೆಗಲು ಕೊಟ್ಟ. ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ.

*

ಕಮಲಾಕರ ಹುಬ್ಬಳ್ಳಿಯಿಂದ ಟಿವಿ ಗೇಮ್ ತಂದಾಗ ಕಿರಣ ಇನ್ನೂ ಕನ್ನಡಶಾಲೆಯ ಹುಡುಗ. ಟಿವಿಗೆ ವಾಯರು ಸಿಕ್ಕಿಸಿದರೆ ಒಬ್ಬ ಪುಟ್ಟ ಮನುಷ್ಯ ಪರದೆಯ ಮೇಲೆ ಓಡುತ್ತಿದ್ದ. ದಾರಿಯಲ್ಲಿ ಗುಂಡಿ ಬಂದರೆ ಹಾರಬೇಕು, ಹಾರದಿದ್ದರೆ ಸತ್ತ. ಹಿನ್ನೆಲೆಯಲ್ಲಿ ಒಂದು ಕುಣಿಯುವ ಸಂಗೀತ. ಅಣ್ಣ ತಮ್ಮ ಸರದಿಯ ಮೇಲೆ ಆಡುತ್ತಿದ್ದರು, ಜಗಳವಾಡುತ್ತಿದ್ದರು.

ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಿರಣನ ನೋಟ ಅಂಚಿನಿಂದ ಕಪ್ಪಾಗುತ್ತ ಬಂತು. ಕಣ್ಣಿನ ನರ ಒಣಗುತ್ತಿದೆ, ಔಷಧವಿಲ್ಲ ಎಂದರು ಡಾಕ್ಟರು. ಕಮಲಾಕರ ನಂಬಲಿಲ್ಲ. ಬೇರೆ ಡಾಕ್ಟರು, ನಾಟಿ ಔಷಧಿ, ಹರಕೆ ಎಲ್ಲ ಆಯಿತು. ಕೊನೆಗೆ ಬೋರ್ಡೂ ಕಾಣದಾಗಿ ಕಿರಣ ಶಾಲೆ ಬಿಟ್ಟು ಮೂಲೆ ಹಿಡಿದು ಕೂತ. ಒಂದು ಆಯ್ತವಾರ ಕಮಲಾಕರ ಅವನ ಕೈಗೆ ಜಾಯ್‌ಸ್ಟಿಕ್ ತುರುಕಿದ.

"ನಂಗೆ ಕಾಣೂದಿಲ್ಲ," ಎಂದು ಕಿರಣ ಎಸೆದ.

"ಕೇಳ್ತದಲ್ಲ? ಆಡು."

ಎಷ್ಟೋ ಸಲ ಸತ್ತಮೇಲೆ ಕಿರಣನಿಗೆ ಅರ್ಥವಾಯಿತು: ಗುಂಡಿ ಯಾವಾಗಲೂ ಸಂಗೀತದ ಒಂದೇ ತಿರುವಿನಲ್ಲಿ ಬರುತ್ತದೆ. ಆ ತಿರುವಿಗೆ ಬೆರಳು ಒತ್ತಿದರೆ ದಾಟಿಹೋಗುತ್ತದೆ. ಹೊರಗೆ ಅವನನ್ನು ಬಚ್ಚಲಿಗೂ ಕೈ ಹಿಡಿದು ನಡೆಸುತ್ತಿದ್ದರು. ಯಾರೂ ಕೈ ಹಿಡಿಯದೆ ಅವನು ಓಡಿದ ಜಾಗ ಈ ಲೋಕದಲ್ಲಿ ಅದೊಂದೇ. ಆ ಜಾಗವನ್ನೂ ಒಂದು ವೈಶಾಖದ ಸಿಡಿಲು ಟಿವಿಯ ಜತೆಗೇ ಸುಟ್ಟುಹಾಕಿತು. ಅಂಗಡಿಗೆ ಬಂದ ಹೊಸ ಗೇಮ್ ಪೆಟ್ಟಿಗೆಗಳಲ್ಲಿ ಆ ಆಟ ಇರಲಿಲ್ಲ.

*

ಆಮೇಲೆ ಪ್ರೆಸ್ಸಿನವರು ಹೊಸ ಕಂಪ್ಯೂಟರ್ ತರಿಸಿ ಹಳೆಯದನ್ನು ಮೂಲೆಗೆ ಹಾಕಿದರು. ಕಮಲಾಕರ ಅದನ್ನು ಕೇಳಿ ಪಡೆದು ಮನೆಗೆ ಹೊತ್ತು ತಂದ. "ಕುರುಡಂಗೆ ಕನ್ನಡಿ ತಂದ ಹಾಂಗಾಯ್ತು," ಎಂದು ಶಾಂತಾರಾಮ ಊರೆಲ್ಲ ಹೇಳಿಕೊಂಡು ನಕ್ಕ.

ಶಿರಸಿಯ ಕಂಪ್ಯೂಟರ್ ಕ್ಲಾಸಿನ ಹುಡುಗನೊಬ್ಬ ಒಂದು ಸಿಡಿ ಕೊಟ್ಟಿದ್ದ. ಅದರಲ್ಲಿದ್ದ ಎಮ್ಯುಲೇಟರ್ ಎಂಬ ಪ್ರೋಗ್ರಾಮು ಕಂಪ್ಯೂಟರಿಗೆ ಟಿವಿ ಗೇಮಿನ ವೇಷ ಕಟ್ಟುತ್ತಿತ್ತು. ಅದೇ ಆಟ, ಅದೇ ಸಂಗೀತ. ಆದರೆ ತೆವಳುತ್ತ ಬಂತು. ಆ ಮುದಿ ಯಂತ್ರಕ್ಕೆ ವೇಷವೂ ಕಟ್ಟಿ, ಚಿತ್ರವೂ ಬರೆದು, ಸದ್ದೂ ಮಾಡುವಷ್ಟು ತ್ರಾಣ ಇರಲಿಲ್ಲ. ಸಂಗೀತ ಸೆಲ್ಲು ಮುಗಿದ ಟೇಪ್‌ರೆಕಾರ್ಡರಿನಂತೆ ಎಳೆಯುತ್ತಿತ್ತು, ನಡುನಡುವೆ ಮುಗ್ಗರಿಸುತ್ತಿತ್ತು. ಕಿರಣ ತಿರುವಿಗೆ ಸರಿಯಾಗಿ ಒತ್ತಿದರೂ ಗುಂಡಿಗೆ ಬೀಳುತ್ತಿದ್ದ.

ಕಮಲಾಕರ ಹಟ ಹಿಡಿದ. ಬೇರೆ ಪ್ರೋಗ್ರಾಮುಗಳನ್ನೆಲ್ಲ ಕಿತ್ತುಹಾಕಿದ. ಭಾರದ ವಿಂಡೋಸ್ ಬಿಟ್ಟು ಹಗುರಾದ ಹಳೆಯ ಡಾಸ್‌ನಲ್ಲಿ ಓಡಿಸಿದ. ಯಂತ್ರದ ನೆನಪಿನ ಜಾಗ ಹೆಚ್ಚಲೆಂದು ಗುಜರಿಯಿಂದ ರ‍್ಯಾಮ್ ಹುಡುಕಿ ತಂದು ಸಿಕ್ಕಿಸಿದ. ಡಬ್ಬದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿ ಇಟ್ಟ. ಕೂದಲೆಳೆಯಷ್ಟು ವೇಗ ಹೆಚ್ಚುತ್ತಿತ್ತು, ಸಾಲುತ್ತಿರಲಿಲ್ಲ.

ಒಂದು ದಿನ ಶಿರಸಿಯಲ್ಲಿ ಆ ಹುಡುಗನನ್ನು ಕೇಳಿಬಂದ ಕಮಲಾಕರ ಚಪ್ಪಲಿಯನ್ನು ಗೋಡೆಗೆ ಬಡಿಯುವಂತೆ ಬಿಟ್ಟ. "ಸೌಂಡ್ ಆಫ್ ಮಾಡಿ, ಗಾಳಿ ಹಾಂಗೆ ಓಡ್ತದೆ ಅಂದ ಆ ಹುಡುಗ. ಓಡ್ತದೆ, ಹೌದು! ಯಾರಿಗೆ ಬೇಕು ಆ ಓಟ?"

ಮುಂದಿನ ಆಯ್ತವಾರ ಅವನೇ ಉತ್ಸಾಹದಿಂದ ಕರೆದ. "ಬಾ, ಚಿತ್ರ ಸಣ್ಣ ಮಾಡಿದ್ದೆ. ಬಣ್ಣ ಕಮ್ಮಿ ಮಾಡಿದ್ದೆ. ಈಗ ನೋಡು." ಕಿರಣ ಆಡಿದ, ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಕೀಬೋರ್ಡನ್ನು ದೂಡಿ ಎದ್ದುನಿಂತ.

"ಚಿತ್ರ ಯಾರಿಗೆ ಅಣ್ಣ?"

"ಎಂತ?"

"ನಂಗೆ ಕಾಣೂದಿಲ್ಲ. ಇನ್ನು ಮುಂದೆ ಕಾಣೂದೂ ಇಲ್ಲ. ಊರಿಗೆಲ್ಲ ಗೊತ್ತಾಯ್ತು, ನಿಂಗೊಬ್ಬಂಗೆ ಇನ್ನೂ ತಲೆಗೆ ಹೋಗ್ಲಿಲ್ಲ. ಆ ಚಿತ್ರ ಯಾರಿಗೋಸ್ಕರ ಇಟ್ಕಂಡಿದ್ದೀಯ ನೀನು?"

ಫ್ಯಾನು ತಿರುಗುತ್ತಿತ್ತು. ಕಮಲಾಕರ ಕೀಬೋರ್ಡು ಒತ್ತುವ ಸದ್ದು ಕೇಳಿಸಿತು. ಪರದೆಗೆ ಚಿತ್ರ ಬರೆಯುವ ಕೆಲಸವನ್ನೇ ಅವನು ಪೂರ್ತಿ ನಿಲ್ಲಿಸಿಬಿಟ್ಟಿದ್ದ. ಕಟ್ಟೆ ಒಡೆದ ಹಾಗೆ ಸಂಗೀತ ನುಗ್ಗಿ ಬಂತು, ಹಳೆಯ ಓಟದಲ್ಲಿ, ಒಂದು ಕಡೆಯೂ ಮುಗ್ಗರಿಸದೆ. ಕಿರಣ ಮೊದಲ ಗುಂಡಿ ಹಾರಿದ, ಎರಡನೆಯದನ್ನು ಹಾರಿದ. ಪಕ್ಕದಲ್ಲಿ ಅಣ್ಣ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆ ದಿನ ಕಮಲಾಕರ ಅತ್ತದ್ದು ಕಂಪ್ಯೂಟರ್ ಗೆದ್ದದ್ದಕ್ಕಲ್ಲ.

"ನಂಗೂ ಒಂದ್ಸಲ ಕೊಡು," ಎಂದು ಕೊನೆಗೆ ಅವನೂ ಆಡಿದ. ಮೊದಲ ಗುಂಡಿಗೇ ಬಿದ್ದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಶಾಂತಾರಾಮ ಮಗನ ಜತೆ ಬಾಗಿಲಿಗೆ ಬಂದು ಕಂಡದ್ದು ಆ ನಗುವನ್ನು, ಆ ಕಪ್ಪು ಗಾಜನ್ನು. ಅವನು ಹೊಸ್ತಿಲಿನಿಂದಲೇ ತಿರುಗಿಹೋದ. ವೈಭವ ಮಾತ್ರ ಒಳಗೆ ಬಂದು ತಾನೂ ಆಡಿ ನೋಡಿದ್ದ.

*

ಗುಡ್ಡದ ಬುಡದ ಸುಡುಗಾಡಿನಲ್ಲಿ ಸೌದೆ ಒಟ್ಟಿದ್ದವನು ಹುಚ್ಚ ಎಂಬ ಹೆಸರಿನ ಮುದುಕ. ಹೆಣ ಏರಿಸಿದ ಮೇಲೆ ಅವನು ನೀರು ತುಂಬಿದ ಮಡಕೆ ತಂದ. "ಯಾರು ಹೊರೂದು?"

"ವೈಭವ," ಎಂದ ಶಾಂತಾರಾಮ.

"ಇತ್ತ ಕೊಡು," ಎಂದ ಕಿರಣ.

"ಮತ್ತೆ ಶುರು ಮಾಡ್ಬೇಡ ಕಿರಣ. ಇದೆಂತ ನಿಮ್ಮ ಆಟ ಅಲ್ಲ."

ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟು ಕಿರಣನ ಬಾಯಿಗೆ ಬಂತು. "ನಿಮ್ಗೆ ಕಂಡದ್ದು ಕಪ್ಪು ಗಾಜು ಚಿಕ್ಕಪ್ಪ. ಅದ್ರೊಳಗೆ ನಾ ಓಡ್ತಿದ್ದೆ! ನೀವೆಲ್ಲ ಅಯ್ಯೋ ಪಾಪ ಅಂದ್ರಿ, ಕೈ ಹಿಡ್ದು ಮೂಲೆಗೆ ಕೂರ್ಸಿದ್ರಿ. ಅಂವ ಒಬ್ಬ ನಂಗೆ ಓಡೂಕೆ ಜಾಗ ಮಾಡಿಕೊಟ್ಟ. ಅಂವನ ಸುತ್ತ ಮೂರು ಸುತ್ತು ನಂಗೆ ನಡೆಯೂಕೆ ಬರೂದಿಲ್ವ? ಬಿದ್ರೆ ಬೀಳ್ತೆ. ನನ್ನ ಅಣ್ಣನ ಮೇಲೆ ತಾನೇ ಬೀಳೂದು? ನಿಮ್ಗೆಂತ ಕಷ್ಟ?"

ಯಾರೋ ಕೆಮ್ಮಿದರು. ಆಗ ವೈಭವನ ದನಿ, ಅಳುಕುತ್ತಲೇ ಬಂತು. "ಅಪ್ಪ, ಅಂವ ಹೊರ್ಲಿ. ನಾ ಆ ಕಪ್ಪು ಗಾಜಿನ ಮುಂದೆ ಕೂತು ನೋಡಿದ್ದೆ. ನಂಗೆ ಮೊದಲನೇ ಗುಂಡಿನೂ ದಾಟೂಕೆ ಆಗ್ಲಿಲ್ಲ."

ಅಪ್ಪ ಬಾಯಿ ತೆರೆಯುವ ಮೊದಲೇ ಅವನು ಮಡಕೆಯನ್ನು ಕಿರಣನ ಹೆಗಲಿಗೆ ಇಟ್ಟುಬಿಟ್ಟ. ಮೊಣಕೈ ಹಿಡಿಯಲು ಬಂದ.

"ಮುಟ್ಬೇಡ," ಎಂದ ಕಿರಣ. "ಎಲ್ಲರೂ ಬಾಯಿ ಮುಚ್ಚಿ ನಿಲ್ಲಿ."

ಹುಚ್ಚ ಕಲ್ಲಿನಿಂದ ಮಡಕೆಗೆ ತೂತು ಹೊಡೆದ. ನೀರು ಚಿಮ್ಮಿ ಒಣ ನೆಲದ ಮೇಲೆ ಬೀಳತೊಡಗಿತು. ಮೊದಲ ಸುತ್ತಿನಲ್ಲಿ ಕಿರಣನ ಎಡಗೈ ಸೌದೆಯ ತುದಿಗಳನ್ನು ಒಂದೊಂದಾಗಿ ಸವರುತ್ತ ಹೋಯಿತು. ಅಣ್ಣನ ತಲೆಯ ಕಡೆ ತಿರುಗುವಲ್ಲಿ ಒಂದು ಕ್ಷಣ ನಿಂತ, ಮತ್ತೆ ನಡೆದ. ಎರಡನೆಯ ತೂತು ಬಿತ್ತು. ಈಗ ಬರಿಗಾಲಿಗೆ ನೆಲ ಒದ್ದೆಯಾಗಿ ತಾಗುತ್ತಿತ್ತು, ತನ್ನದೇ ಮಡಕೆಯ ನೀರು. ಕಿರಣ ಸೌದೆಯಿಂದ ಕೈ ತೆಗೆದ. ಒದ್ದೆ ಎಲ್ಲಿದೆಯೋ ಅಲ್ಲಿ ಹೆಜ್ಜೆ ಇಡುತ್ತ ಎರಡನೆಯ ಸುತ್ತು ಮುಗಿಸಿದ, ಮೂರನೆಯದನ್ನೂ ಮುಗಿಸಿದ. ಹಿಂದಕ್ಕೆ ಬಿಟ್ಟ ಮಡಕೆ ಒಂದೇ ಏಟಿಗೆ ಒಡೆಯಿತು.

ಬೆಂಕಿ ಇಡುವಾಗಲೂ ಅವನ ಕೈ ತಪ್ಪಲಿಲ್ಲ. ಒಣಸೌದೆ ಚಟಪಟ ಎಂದಿತು.

"ಆಯ್ತು, ಹೊರಡಿ," ಎಂದ ಶಾಂತಾರಾಮ, ಹೋದ ಯಜಮಾನಿಕೆಯನ್ನು ದನಿಯಲ್ಲಾದರೂ ಉಳಿಸಿಕೊಳ್ಳುತ್ತ. "ಯಾರೂ ತಿರುಗಿ ನೋಡ್ಬಾರ್ದು."

ಎಲ್ಲರೂ ಚಿತೆಗೆ ಬೆನ್ನು ಹಾಕಿ ನಡೆದರು. ಕಿರಣನೂ ಸ್ವಲ್ಪ ದೂರ ಅವರ ಹೆಜ್ಜೆಯ ಸದ್ದಿನ ಹಿಂದೆ ನಡೆದ. ಆಮೇಲೆ ನಿಂತ. ಮೈ ತಿರುಗಿಸಿ, ಬೆಂಕಿಯ ಕಾವು ಪೂರಾ ಮುಖಕ್ಕೆ ಹೊಡೆಯುವ ಹಾಗೆ ನಿಂತುಕೊಂಡ.

"ಕಿರಣ?" ಮುಂದಿನಿಂದ ಶಾಂತಾರಾಮನ ದನಿ ಬಂತು. "ಎಲ್ಲಿದ್ದೆ? ತಿರುಗಿದ್ಯ ನೀನು?"

ತಾನೂ ತಿರುಗಿ ನೋಡದೆ ಚಿಕ್ಕಪ್ಪನಿಗೆ ಅದು ಗೊತ್ತಾಗುವಂತಿರಲಿಲ್ಲ. ಕಣ್ಣಿದ್ದವರೆಲ್ಲ ಬೆನ್ನು ಕೊಟ್ಟು ನಿಂತಿದ್ದರು. ಬೆಂಕಿ ಒಂದು ಕಡೆಯೂ ಮುಗ್ಗರಿಸದೆ ಉರಿಯುತ್ತಿತ್ತು, ಕಿರಣ ಕಣ್ಣು ಅಗಲಿಸಿ ಅದರತ್ತ ಮುಖ ಮಾಡಿ ನಿಂತಿದ್ದ.