ಬಾಗಿಲ ಮುಂದಿನ ಬೂದಿ

ನನಗೆ ಕೈಗಳಿಲ್ಲ. ಎರಡು ಹಗ್ಗದ ಕುಣಿಕೆಗಳಿವೆ, ಅವೇ ನನ್ನ ತೋಳುಗಳು. ಯಾರ ಹೆಗಲು ಸಿಕ್ಕಿದರೂ ತಬ್ಬಿಕೊಳ್ಳುತ್ತೇನೆ. ಬದುಕೆಲ್ಲ ಹೆಂಗಸರ ಬೆನ್ನ ಹಿಂದೆಯೇ ಕಳೆದದ್ದರಿಂದ ಅವರ ಮುಖಕ್ಕಿಂತ ಜಡೆ, ಕತ್ತಿನ ಬೆವರು, ಏರು ಹತ್ತುವಾಗಿನ ಏದುಸಿರು ನನಗೆ ಹೆಚ್ಚು ಪರಿಚಯ. ನಾನೊಂದು ಬೆನ್ನುಬುಟ್ಟಿ.

ಹುಟ್ಟಿದ್ದು ಹಿಮಾಲಯದ ಆಚೆ ಮಗ್ಗುಲಲ್ಲಿ, ಝನ್ಸ್ಕಾರ್ ಕಣಿವೆಯ ಕೊನೆಯಲ್ಲಿರುವ ಕರ್ಮೋಲಿಂಗ್ ಎಂಬ ಪುಟ್ಟ ಊರಿನಲ್ಲಿ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತೆಂದರೆ ಈ ಊರಿಗೆ ಯಾರೂ ಬರುವಂತಿಲ್ಲ, ಇಲ್ಲಿಂದ ಯಾರೂ ಹೋಗುವಂತಿಲ್ಲ. ಮರವೆಂದು ಇರುವುದು ತೊರೆಯ ಬದಿಯ ನಾಲ್ಕಾರು ವಿಲೋ ಮರಗಳು ಮಾತ್ರ. ಅವುಗಳ ಎಳೆಯ ಕೊಂಬೆ ನಿಮ್ಮ ಕಡೆಯ ಬೆತ್ತದ ಹಾಗೆ, ಬಾಗಿಸಿದತ್ತ ಬಾಗುತ್ತದೆ. ಒಂದು ಸುಗ್ಗಿಯ ಕೊನೆಯಲ್ಲಿ ತುಂದುಪ್ ಅಜ್ಜ ಆ ಕೊಂಬೆಗಳನ್ನು ಕಡಿದು, ನೀರಲ್ಲಿ ನೆನೆಹಾಕಿ, ಮಾಳಿಗೆಯ ಬಿಸಿಲಿನಲ್ಲಿ ಕುಳಿತು ನನ್ನನ್ನು ಹೆಣೆದರು. ನೋಡಲು ಬಂದವರೆಲ್ಲ ತಳ ಯಾಕೆ ಇಷ್ಟು ಒತ್ತಾಗಿದೆ ಎಂದು ಕೇಳಿದರು. ಹುಲ್ಲು ಹೊರುವ ಬುಟ್ಟಿಯಾದರೆ ಸಡಿಲವಾಗಿದ್ದರೂ ನಡೆಯುತ್ತೆ, ಇದು ವಸಂತ ಹೊರುವ ಬುಟ್ಟಿ ಎಂದು ಅಜ್ಜ ಹೇಳಿದರು. ಆಮೇಲೆ ಒಳಗೆ ಹಳೆಯ ಆಡಿನ ಚರ್ಮವನ್ನೂ ಹಾಸಿ ಹೊಲಿದರು.

ಅಜ್ಜನದು ತಮಾಷೆಯ ಮಾತಲ್ಲ. ಕರ್ಮೋಲಿಂಗಿನಲ್ಲಿ ವಸಂತ ತಾನಾಗಿ ಬರುವುದಿಲ್ಲ, ಹೊತ್ತು ತರಬೇಕು. ಬೇಸಿಗೆ ಇಲ್ಲಿ ಬಂದ ನೆಂಟರ ಹಾಗೆ, ಕೂತಂತೆ ಮಾಡಿ ಎದ್ದುಬಿಡುತ್ತದೆ. ಹೊಲದ ಹಿಮ ಕರಗುವುದು ತಡವಾದರೆ ಬಿತ್ತನೆ ತಡ. ಬಿತ್ತನೆ ತಡವಾದರೆ ಬಾರ್ಲಿಯ ತೆನೆಯಲ್ಲಿ ಹಾಲು ಗಟ್ಟಿಯಾಗುವ ಮೊದಲೇ ಮತ್ತೆ ಹಿಮ. ಅದಕ್ಕೆ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದಾರೆ. ಚಳಿ ಬೀಳುವ ಮುಂಚೆ ಒಣಗಿದ ನುಣ್ಣನೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮನೆಯೊಳಗೆ ರಾಶಿ ಹಾಕುತ್ತಾರೆ. ಬಿಸಿಲು ಚುರುಕಾಗುತ್ತಿದ್ದಂತೆ ಅದನ್ನು ಹೊಲದ ಹಿಮದ ಮೇಲೆ ಎರಚುತ್ತಾರೆ. ಬರಿಯ ಬಿಳಿ ಹಿಮ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಕಪ್ಪು ಬಿದ್ದರೆ ಹೀರಿಕೊಂಡು ಕರಗುತ್ತದೆ. ಬಿಸಿಲಿನಲ್ಲಿ ಕಪ್ಪು ಸೀರೆ ಉಟ್ಟು ಬಟ್ಟೆ ಒಣಹಾಕಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಮೊದಲು ಹೊತ್ತವರು ಅಜ್ಜನ ಸೊಸೆ ಚೋರೋಲ್. ಎತ್ತರದ ಹೆಂಗಸು, ಬಿರುಸಿನ ನಡಿಗೆ, ಕಡಿಮೆ ಮಾತು. ಗಂಡ ಬೇಗ ತೀರಿಕೊಂಡಿದ್ದರಿಂದ ಹೊಲವನ್ನೂ ಮಗ ನೋರ್ಫೆಲನನ್ನೂ ಒಬ್ಬರೇ ಬೆಳೆಸಿದ್ದರು. ಅವರ ಬೆನ್ನ ಮೇಲೆ ನಾನು ಮಣ್ಣು ಹೊತ್ತೆ, ಬೆರಣಿ ಹೊತ್ತೆ, ಒಮ್ಮೆ ಕಾಲು ಮುರಿದ ಕುರಿಯನ್ನೂ ಹೊತ್ತೆ. ಒಂದು ವರ್ಷ ಹಿಮ ಹಟ ಹಿಡಿದು ಕೂತು, ಬೆಳೆ ಹಸಿರಲ್ಲೇ ಮುಂದಿನ ಹಿಮಕ್ಕೆ ಸುಟ್ಟುಹೋಯಿತು. ಕಾಳು ಕಟ್ಟದ ತೆನೆಯನ್ನು ದನಕ್ಕೆ ಹಾಕಲು ಹೊತ್ತೊಯ್ಯುವಾಗ ಅವರ ಬೆನ್ನು ನಡುಗುತ್ತಿತ್ತು. ಎದುರಿಗೆ ಬಂದವರಿಗೆ ಅದು ಕಾಣಲಿಲ್ಲ. ನನಗೆ ಗೊತ್ತಾಯಿತು.

ಮುಂದೆ ನೋರ್ಫೆಲನಿಗೆ ಮದುವೆಯಾಗಿ ಕುಂಜೆಸ್ ಮನೆಗೆ ಬಂದಳು. ಅವಳದು ದೂರದ ತಗ್ಗಿನ ಕಣಿವೆ. ಅಲ್ಲಿ ಏಪ್ರಿಕಾಟ್ ಮರಗಳು ಹೂಬಿಡುತ್ತವೆ, ಹಿಮ ಹೇಳದೆ ಕೇಳದೆ ಎದ್ದು ಹೋಗುತ್ತದೆ. ಬಂದ ವಾರದಲ್ಲೇ ಚೋರೋಲ್ ನನ್ನ ಕುಣಿಕೆಗಳನ್ನು ಚಿಕ್ಕದು ಮಾಡಿ ಅವಳ ಹೆಗಲಿಗೆ ಹಾಕಿದರು. ಅಷ್ಟೇ, ನಾನು ಕೈ ಬದಲಾಯಿಸಿದೆ. ಹೊಸ ಬೆನ್ನು ತೆಳ್ಳಗಿತ್ತು, ಬೆಚ್ಚಗಿತ್ತು, ನಡೆಯುತ್ತ ಸಣ್ಣಗೆ ಹಾಡಿಕೊಳ್ಳುತ್ತಿತ್ತು. ಆ ವರ್ಷದ ಮಣ್ಣಿನ ರಾಶಿಯನ್ನೆಲ್ಲ ಅವಳೂ ನಾನೂ ಹೊತ್ತು ತಂದದ್ದು. ಸೊಸೆ ಬಂದ ವರ್ಷ ಹೊಲಕ್ಕೆ ಮೊದಲ ಹಿಡಿ ಮಣ್ಣನ್ನು ಅವಳೇ ಎರಚಬೇಕು, ಆಗ ಅವಳು ಈ ಮನೆಯವಳಾದಳು ಎಂದರ್ಥ. ಹಾಗೆಂದು ಚೋರೋಲ್ ಹೇಳಿದ ದಿನದಿಂದ ಕುಂಜೆಸ್ ಆ ರಾಶಿಯನ್ನು ಒಡವೆಯ ಗಂಟಿನಂತೆ ನೋಡತೊಡಗಿದಳು.

ಚಳಿಗಾಲದಲ್ಲಿ ಮನೆಮಂದಿಯೆಲ್ಲ ಕೆಳಗಿನ ಕತ್ತಲೆಯ ಕೋಣೆಗೆ ಇಳಿಯುತ್ತಾರೆ. ಒಂದು ಕಡೆ ಕಬ್ಬಿಣದ ಒಲೆ, ಗೋಡೆಯಾಚೆ ಕುರಿ ದನ, ಹೊರಬಾಗಿಲ ಮೂಲೆಯಲ್ಲಿ ಮಣ್ಣಿನ ರಾಶಿ. ರಾಶಿಯ ಮೇಲಿನ ಗೂಟದಲ್ಲಿ ನಾನು. ಬಾಗಿಲು ತೆರೆದಾಗಲೆಲ್ಲ ಧೂಳೇಳುತ್ತಿತ್ತು. ಚೋರೋಲ್ ಕೆಮ್ಮುತ್ತಿದ್ದರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಏನಿಲ್ಲ ಎನ್ನುತ್ತಿದ್ದರು. ಕುಂಜೆಸ್‌ಗೆ ಅದನ್ನು ನೋಡಲಾಗಲಿಲ್ಲ. ತವರಿನಲ್ಲಿ ಕಸ ಗುಡಿಸುವ ಮುಂಚೆ ನೀರು ಚಿಮುಕಿಸಿ ಧೂಳು ಕೂರಿಸುವುದನ್ನು ಕಂಡಿದ್ದಳು. ದಿನವೂ ಎಲ್ಲರಿಗಿಂತ ಮೊದಲೆದ್ದು, ಕೆಟಲಿನ ನೀರನ್ನು ಬೆರಳಲ್ಲಿ ರಾಶಿಯ ಮೇಲೆ ಚಿಮುಕಿಸಿ ಮತ್ತೆ ಹೊದಿಕೆಯೊಳಗೆ ಸೇರುತ್ತಿದ್ದಳು. ಧೂಳು ನಿಂತಿತು, ಕೆಮ್ಮೂ ಇಳಿಯಿತು. ಊರ ವೈದ್ಯರ ಕಷಾಯ ಹಿಡಿಯಿತು ಎಂದುಕೊಂಡು ಚೋರೋಲ್ ಆ ವೈದ್ಯರಿಗೆ ಒಂದು ಮುದ್ದೆ ಬೆಣ್ಣೆ ಕಳಿಸಿಕೊಟ್ಟರು. ಕುಂಜೆಸ್ ತನ್ನೊಳಗೇ ನಕ್ಕು ಸುಮ್ಮನಾದಳು.

ನಮ್ಮೂರಲ್ಲಿ ವಸಂತ ಮೊದಲು ಕಿವಿಗೆ ಬರುತ್ತದೆ. ಒಂದು ದಿನ ಮಾಳಿಗೆಯ ಅಂಚಿನಿಂದ ಟಪ್ ಎಂದು ಹನಿ ಬಿತ್ತು. ಕೋಣೆಯಲ್ಲಿ ಮಾತಾಡುತ್ತಿದ್ದವರೆಲ್ಲ ತಟ್ಟನೆ ಸುಮ್ಮನಾದರು. ಎರಡನೆಯ ಹನಿ ಬಿದ್ದ ಮೇಲೆ ಅಜ್ಜ ಟೋಪಿ ಸರಿಮಾಡಿಕೊಂಡರು. ಮುಂದಿನ ದಿನಗಳಲ್ಲಿ ತೊರೆಯ ಮಂಜುಗಡ್ಡೆ ಒಳಗೊಳಗೇ ಬಿರಿಯುವ ಸದ್ದು, ಗುಡ್ಡದಲ್ಲಿ ಹಿಮಕೋಳಿಯ ಕೂಗು. ವಿಲೋ ಕೊಂಬೆಗಳ ತುದಿ ಕೆಂಪಾಯಿತು. ಮಕ್ಕಳು ಮಾಳಿಗೆ ಏರಿ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಊರಿನವರು ಬುಟ್ಟಿಗಳನ್ನು ಇಳಿಸಿ ಕುಣಿಕೆ ಎಳೆದು ನೋಡಿದರು. ನನ್ನನ್ನು ಗೂಟದಿಂದ ಇಳಿಸಿದ ಕುಂಜೆಸ್ ಜಡೆಯನ್ನು ಹೊಸದಾಗಿ ಹೆಣೆದುಕೊಂಡಿದ್ದಳು.

ನೋರ್ಫೆಲ್ ರಾಶಿಗೆ ಸಲಿಕೆ ಹಾಕಿದ. ಠಣ್ ಎಂದಿತು. ಇನ್ನೊಂದು ಕಡೆ ಹಾಕಿದ, ಅಲ್ಲಿಯೂ ಠಣ್. ದಿನದಿನದ ಹನಿಯೆಲ್ಲ ಇಳಿದು, ಹೆಪ್ಪುಗಟ್ಟಿ, ರಾಶಿ ಅನ್ನುವುದು ಒಂದೇ ಬಂಡೆಯಾಗಿತ್ತು. ಎರಚುವ ಮಣ್ಣು ಹಿಟ್ಟಿನ ಹಾಗೆ ಒಣಗಿರಬೇಕು. ಹೆಂಟೆ ಎಸೆದರೆ ಹಿಮಕ್ಕೆ ಒಂದು ತೂತು ಬಿದ್ದೀತೇ ಹೊರತು ಅದು ಹೊಲ ಬಿಟ್ಟು ಕದಲುವುದಿಲ್ಲ.

ದಿನವೂ ನೀರು ಚಿಮುಕಿಸಿದ್ದು ತಾನೇ ಎಂದು ಕುಂಜೆಸ್ ಒಪ್ಪಿಕೊಂಡಳು. ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಎದುರುಮನೆಯ ಡೋಲ್ಕರ್ ಬಂದು ಬಾಗಿಲಲ್ಲಿ ನಿಂತಳು. ಚೋರೋಲರ ಓರಗೆಯವಳು, ನಾಲಿಗೆ ಊರಿಗೇ ಹೆಸರಾದದ್ದು.

"ನಿನ್ನ ಸೊಸೆ ಮಣ್ಣಿಗೂ ಚಹಾ ಕುಡಿಸಿದ್ದಾಳಂತಲ್ಲೇ ಚೋರೋಲ್. ಬೆಣ್ಣೆ ಹಾಕಿದ್ದಳೋ, ಬರೀ ಉಪ್ಪೋ?"

ನಮ್ಮ ಕಡೆ ಚಹಾಕ್ಕೆ ಹಾಕುವುದು ಸಕ್ಕರೆಯಲ್ಲ, ಬೆಣ್ಣೆ ಮತ್ತು ಉಪ್ಪು. ಕುಂಜೆಸ್ ನನ್ನನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬೆನ್ನಿನ ಬದಲು ಎದೆಯ ಬಡಿತ ಕೇಳಿದ್ದು ನನಗೆ ಅದೇ ಮೊದಲು. ಹಿಟ್ಟಿನ ಪೆಟ್ಟಿಗೆ ತಳ ಕಾಣುತ್ತಿರುವುದನ್ನು ಅವಳೂ ನೋಡಿದ್ದಳು. ಮೊದಲ ವರ್ಷವೇ ಬಿತ್ತನೆ ಕೆಡಿಸಿದ ಸೊಸೆಯನ್ನು ಊರು ಹೇಗೆ ಕರೆಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಡೋಲ್ಕರ್ ಬಾಗಿಲಿನಿಂದ ಕದಲದಿದ್ದರೂ ಅತ್ತೆ ಸೊಸೆಯತ್ತ ತಿರುಗಿ ಕೇಳಿದರು. "ನೀರು ಯಾಕೆ ಹಾಕಿದೆ?"

"ಧೂಳಿಗೆ ನಿಮಗೆ ಕೆಮ್ಮು ಬರ್ತಿತ್ತು, ಅಮಾ-ಲೆ."

ಈ ಸೀಮೆಯಲ್ಲಿ ಗೌರವಕ್ಕೆ ಕೊನೆಯಲ್ಲಿ 'ಲೆ' ಸೇರಿಸುತ್ತಾರೆ. ನಿಮ್ಮಲ್ಲಿ 'ಲೇ' ಅಂದರೆ ಜಗಳ, ಇಲ್ಲಿ ಅನ್ನದಿದ್ದರೆ ಜಗಳ. ಚೋರೋಲ್ ಆ ಬಂಡೆಯತ್ತ ತಿರುಗಿದರು.  ಆಮೇಲೆ, ವೈದ್ಯರಿಗೆ ಬೆಣ್ಣೆ ಸುಮ್ಮನೆ ಹೋಯಿತು ಎಂದರು. ಹಾಗೆಂದು ಸುತ್ತಿಗೆ ತೆಗೆದುಕೊಂಡು ತಾವೇ ಮೊದಲ ಏಟು ಹಾಕಿದರು.

ಒಡೆದ ಹೆಂಟೆಗಳನ್ನು ಒಲೆಯ ಬಳಿ ಇಟ್ಟು ಒಣಗಿಸಿದರು. ಆದರೆ ಚಳಿಗಾಲದ ಕೊನೆಗೆ ಯಾರ ಮನೆಯಲ್ಲಿ ಬೆರಣಿ ಉಳಿದಿರುತ್ತದೆ? ಮನೆಮಂದಿ ಕಾಯಬೇಕಾದ ಬೆಂಕಿಯನ್ನು ಮಣ್ಣು ಕಾಯುತ್ತಿತ್ತು. ಎಲ್ಲರ ಹೊಲದ ಮೇಲೂ ಕಪ್ಪು ಬೀಳುತ್ತಿದ್ದಾಗ ಚೋರೋಲ್ ಮನೆಯ ಹೊಲ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಕುಂಜೆಸ್ ಹೊರಗೆ ಬರುವುದನ್ನೇ ಬಿಟ್ಟಳು. ನೆರೆಯವರಲ್ಲಿ ಮಣ್ಣು ಕೇಳೋಣವೆಂದರೆ ಅವರವರ ರಾಶಿ ಅವರವರ ಹೊಲಕ್ಕೇ ಸರಿ. ಬೂದಿಯಾದರೂ ಆದೀತು, ಅದರಲ್ಲಿ ಹೊಗೆಕೊಳವೆಯ ಮಸಿ ಕಲಸಿದರೆ ಮಣ್ಣಿಗಿಂತ ಕಪ್ಪು ಎಂದು ಅಜ್ಜ ಹೇಳಿದರು. ಹೇಳಿ ತಾವೇ ತಲೆಯಾಡಿಸಿದರು, ಒಂದೇ ಒಲೆಯ ಬೂದಿ ಹೊಲಕ್ಕೆಲ್ಲ ಸಾಲುವುದಿಲ್ಲ. ಒಲೆಯ ಬೂದಿಯನ್ನು ಇನ್ನೊಂದು ಮನೆಗೆ ಕೊಡುವ ಪದ್ಧತಿ ಕರ್ಮೋಲಿಂಗಿನಲ್ಲಿ ಇಲ್ಲ. ಬೂದಿಯ ಜೊತೆ ಮನೆಯ ಭಾಗ್ಯವೂ ದಾಟಿ ಹೋಗುತ್ತದೆ ಎಂಬ ನಂಬಿಕೆ. ಕೊಡುವವರಿಗೂ ಕೆಡುಕು, ಕೇಳುವವರಿಗೂ ಅವಮಾನ.

ಆದರೂ ಚೋರೋಲ್ ಡೋಲ್ಕರಳ ಮನೆಗೆ ಹೋದರು. ಸೊಸೆಯನ್ನು ಕರೆಯಲಿಲ್ಲ. ನನ್ನನ್ನು ತಮ್ಮ ಹೆಗಲಿಗೇ ಹಾಕಿಕೊಂಡರು, ಕುಣಿಕೆ ಬಿಗಿಯಾಗಿ ಕಂಕುಳು ಒತ್ತುತ್ತಿದ್ದರೂ. ಯಾರ ಹತ್ತಿರವೂ ಏನೂ ಕೇಳದವರು, ಬೆಳೆ ಸುಟ್ಟುಹೋದ ವರ್ಷವೂ ಬಾಯಿ ತೆರೆಯದವರು, ಅಂದು ಕೇಳಿದರು.

"ನನಗೆ ಅಂತ ಕೇಳ್ತಿಲ್ಲ. ಆ ಹುಡುಗಿ ಮೊದಲ ಹಿಡಿ ಎರಚಬೇಕು."

ಡೋಲ್ಕರ್ ಚಹಾ ಬಗ್ಗಿಸಿದಳು. ಬಟ್ಟಲು ತುಂಬಿಸಿ, ಅವರು ಒಂದು ಗುಟುಕು ಕುಡಿದಾಗ ಮತ್ತೆ ತುಂಬಿಸಿದಳು. ಆಮೇಲೆ ಹೇಳಿದಳು: "ಬೂದಿ ಕೊಡೋಕೆ ನನಗೆ ತಲೆ ಕೆಟ್ಟಿಲ್ಲ. ಆದರೆ ನನ್ನ ಕೈ ಈಚೆಗೆ ಸ್ವಲ್ಪ ನಡುಗುತ್ತೆ ನೋಡು. ಚೆಲ್ಲೋಕೆ ಅಂತ ಹೋದಾಗ ಬಾಗಿಲ ಮುಂದೇನೇ ಬಿದ್ದುಹೋದರೆ, ಬೀದಿ ಗುಡಿಸೋರು ಗುಡಿಸಿಕೊಂಡು ಹೋಗ್ತಾರೆ. ಅದಕ್ಕೆ ನಾನೇನು ಮಾಡಲಿ?"

ಅವಳ ಕೈಯಲ್ಲಿ ಚಹಾದ ಕೆಟಲು ಒಂದಿಷ್ಟೂ ಅಲುಗುತ್ತಿರಲಿಲ್ಲ.

ಬೆಳಗ್ಗೆ ಕುಂಜೆಸ್ ಬಾಗಿಲು ತೆರೆದಾಗ ಡೋಲ್ಕರಳ ಹೊಸ್ತಿಲಾಚೆ, ಹಿಮದ ಮೇಲೆ, ಒಂದು ಗುಡ್ಡೆ ಬೂದಿ ಬಿದ್ದಿತ್ತು. ಅದರ ಪಕ್ಕದ ಮನೆಯ ಮುಂದೆ ಇನ್ನೊಂದು. ಓಣಿಯ ತಿರುವಿನಲ್ಲಿ ಮತ್ತೊಂದು, ಮಸಿ ಬೆರೆತು ಕಾಡಿಗೆಯ ಹಾಗೆ ಕಪ್ಪಗೆ. ಒಂದೇ ರಾತ್ರಿಯಲ್ಲಿ ಊರಿನ ಹೆಂಗಸರಿಗೆಲ್ಲ ಕೈನಡುಕ ಬಂದಿತ್ತು. ಬಾಗಿಲುಗಳೆಲ್ಲ ಮುಚ್ಚಿದ್ದವು, ಯಾರೂ ಏನೂ ಕೊಟ್ಟಿರಲಿಲ್ಲವಲ್ಲ. ಕುಂಜೆಸ್ ಪೊರಕೆ ತಂದಳು. ಮನೆಯಿಂದ ಮನೆಗೆ ಗುಡಿಸುತ್ತ, ನನ್ನೊಳಗೆ ತುಂಬುತ್ತ ಹೋದಳು. ಕೆಲವು ಗುಡ್ಡೆಗಳಲ್ಲಿ ಇನ್ನೂ ಬಿಸಿ ಉಳಿದಿತ್ತು. ನನ್ನ ತಳದ ಚರ್ಮದ ಮೂಲಕ ಅದು ಅವಳ ಬೆನ್ನಿಗೆ ತಾಗುತ್ತಿತ್ತು. ಅವಳು ಅಳುತ್ತಿದ್ದಳು. ಸದ್ದಿಲ್ಲದಿದ್ದರೂ ಬೆನ್ನಿಗೆ ಅಂಟಿಕೊಂಡ ನನಗೆ ಗೊತ್ತಾಗದೆ ಇರುತ್ತದೆಯೇ?

ಹೊಲದ ಬದುವಿಗೆ ಮನೆಯವರೆಲ್ಲ ಬಂದರು. ಮಾಳಿಗೆಗಳ ಮೇಲೆ ಊರೂ ಬಂದಿತ್ತು. ಒಲೆಯ ಬಳಿ ಒಣಗಿದ ಅಷ್ಟಿಷ್ಟು ಮಣ್ಣನ್ನು ಬೂದಿಗೆ ಕಲಸಿ, ಗಾಳಿ ಏಳುವ ಮುಂಚೆ ಎರಚು ಎಂದು ಅಜ್ಜ ಹೇಳಿದರು. ಕುಂಜೆಸ್ ನನ್ನೊಳಗೆ ಕೈ ಹಾಕಿ ಹಿಡಿ ತುಂಬಿಕೊಂಡು, ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ಬೇಡಿಕೆ ಸ್ವಲ್ಪ ಉದ್ದವಾಯಿತು. ಅಷ್ಟರಲ್ಲಿ ಗಾಳಿ ಎದ್ದಿತು. ಎರಚಿದ ಬೂದಿಯಲ್ಲಿ ಅರ್ಧ ಹೊಲಕ್ಕೆ ಬಿತ್ತು, ಅರ್ಧ ತಿರುಗಿ ಬಂದು ಅವಳ ಮುಖಕ್ಕೆ ಬಳಿಯಿತು. ಎರಡು ಕಣ್ಣು, ಒಂದು ಸಾಲು ಹಲ್ಲು ಮಾತ್ರ ಬೆಳ್ಳಗೆ ಉಳಿದವು.

 ಮೊದಲು ನಕ್ಕವರು ಚೋರೋಲ್. ನಕ್ಕು ನಕ್ಕು ಕೆಮ್ಮು ಬಂತು, ಆದರೂ ನಗು ನಿಲ್ಲಲಿಲ್ಲ. ತಮ್ಮ ಉಡುಪಿನ ತುದಿಯಿಂದ ಸೊಸೆಯ ಮುಖ ಒರೆಸುತ್ತ, "ಇವಳು ಮೊದಲು ಕರಗ್ತಾಳೆ, ಆಮೇಲೆ ಹೊಲ" ಎಂದರು. ಮಾಳಿಗೆಯ ಮೇಲಿನಿಂದ ಡೋಲ್ಕರ್, ಆ ಕಡೆ ಮೂಲೆ ಬಿಟ್ಟುಹೋಗಿದೆ ಎಂದು ಕೂಗಿ ಹೇಳಿದಳು.

ಬಿಸಿಲು ಬಿದ್ದಂತೆಲ್ಲ ಹಿಮ ಮೊದಲು ಕುಳಿಬಿದ್ದು, ಆಮೇಲೆ ಜಾಲರಿಯಾಗಿ, ಕಡೆಗೆ ಹರಿದ ಕಂಬಳಿಯಂತೆ ಅಲ್ಲಲ್ಲಿ ಉಳಿಯಿತು. ನಡುವೆ ಕಪ್ಪು ನೆಲ ಕಾಣಿಸಿತು. ಒದ್ದೆ ಮಣ್ಣಿನ ವಾಸನೆ ಮನೆಯೊಳಗೆ ಬಂದ ದಿನ ಚೋರೋಲ್ ಹಿಟ್ಟಿನ ಪೆಟ್ಟಿಗೆ ಕೆರೆದು, ಹುರಿಹಿಟ್ಟಿಗೆ ಬೆಣ್ಣೆ ಕಲಸಿ, ಮೊದಲ ಉಂಡೆಯನ್ನು ಸೊಸೆಗೆ ಕೊಟ್ಟರು. ಬಿತ್ತನೆ ಊರಿನವರಿಗಿಂತ ಸ್ವಲ್ಪ ಹಿಂದಾಯಿತು. ತೆನೆಯೂ ಹಾಗೆಯೇ, ಸ್ವಲ್ಪ ತಡವಾಗಿ, ಆದರೆ ತುಂಬಿ ಬಾಗಿತು.

ಅಲ್ಲಿಂದ ಮುಂದೆ ನನ್ನ ಬದುಕು ನೆಮ್ಮದಿಯದು. ಕುಂಜೆಸ್‌ಗೆ ಹೆಣ್ಣುಮಗು ಹುಟ್ಟಿತು, ಪಲ್ಮೋ ಎಂದು ಹೆಸರಿಟ್ಟರು. ನನ್ನೊಳಗೆ ಉಣ್ಣೆ ಹಾಸಿ ಅವಳನ್ನು ಕೂರಿಸಿ ಹೊಲಕ್ಕೆ ಒಯ್ಯುತ್ತಿದ್ದರು. ಆ ಮಗು ನನ್ನ ಅಂಚನ್ನು ಕಚ್ಚಿ ಕಚ್ಚಿಯೇ ಹಲ್ಲು ಬರಿಸಿಕೊಂಡಿತು. ಗುರುತು ಈಗಲೂ ಇದೆ. ತುಂದುಪ್ ಅಜ್ಜ ಹೋದರು. ಬಹಳ ವರ್ಷಗಳ ಮೇಲೆ ಚೋರೋಲ್ ಹೋದರು, ಕೆಮ್ಮಿನಿಂದಲ್ಲ, ವಯಸ್ಸಾಗಿ, ಬಿಸಿಲಿನಲ್ಲಿ ಕೂತಲ್ಲೇ. ಮನೆಗೆ ತಗಡಿನ ಡಬ್ಬಿಗಳೂ ಪ್ಲಾಸ್ಟಿಕ್ ಬುಟ್ಟಿಗಳೂ ಬಂದವು. ನನ್ನ ಕುಣಿಕೆ ಹರಿಯಿತು, ಚರ್ಮ ಸೀಳಿತು, ಅಷ್ಟು ಒತ್ತಾಗಿ ಹೆಣೆದಿದ್ದ ತಳವೂ ಒಂದು ದಿನ ಕಳಚಿಬಿತ್ತು.

ಕಳಚಿದಾಗ ಒಲೆಗೇ ಹೋಗುತ್ತೇನೆ ಎಂದುಕೊಂಡಿದ್ದೆ. ಆದರೆ ದೊಡ್ಡವಳಾದ ಪಲ್ಮೋ ಹೊಲದ ಬದುವಿನಲ್ಲಿ ಒಂದು ವಿಲೋ ಸಸಿ ನೆಟ್ಟಿದ್ದಳು, ಅದನ್ನು ಆಡುಗಳು ಬಿಡುತ್ತಿರಲಿಲ್ಲ. ನನ್ನನ್ನು ಬೋರಲು ಹಾಕಿ ಸಸಿಯ ಸುತ್ತ ಕೂರಿಸಿದಳು. ತಳವಿಲ್ಲದ ಕಡೆಯಿಂದ ಸಸಿಯ ತಲೆ ಆಚೆ ಬಂದಿದೆ. ಆಡು ಬಂದು ನನ್ನನ್ನು ಮೂಸುತ್ತದೆ, ಒಣಕಲೆಂದು ಬಿಟ್ಟು ಹೋಗುತ್ತದೆ.

ಇಲ್ಲಿಂದ ಓಣಿ ಪೂರ್ತಿ ಕಾಣುತ್ತದೆ. ಪ್ರತಿ ವಸಂತದಲ್ಲೂ ಮಣ್ಣೆರಚುವ ಹಿಂದಿನ ಸಂಜೆ, ನಮ್ಮೂರಿನ ಹೆಂಗಸರು ಬಾಗಿಲ ಮುಂದೆ ಒಂದಿಷ್ಟು ಬೂದಿ ಚೆಲ್ಲುತ್ತಾರೆ. ಯಾರಿಗೋ ಬೇಕಾದೀತು ಎಂದು. ಹೊಸ ಸೊಸೆಯಂದಿರು ಇದು ಹಿಂದಿನಿಂದ ಬಂದದ್ದು ಎಂದುಕೊಂಡಿದ್ದಾರೆ. ಬೂದಿ ಯಾರಿಗೂ ಬೇಕಾಗದ ವರ್ಷ ಜಡೆ ನರೆತ ಕುಂಜೆಸ್ ತನ್ನ ಬಾಗಿಲಿನ ಬೂದಿಯನ್ನು ಗುಡಿಸಿಕೊಂಡು ಬಂದು, ಬಗ್ಗಿ, ನನ್ನ ನಡುವಿನಿಂದ ಸಸಿಯ ಬುಡಕ್ಕೆ ಸುರಿಯುತ್ತಾಳೆ. ಸೊಂಟ ಹಿಡಿದುಕೊಂಡು ಏಳುವಾಗ ಅವಳ ಕೈ ಒಂದು ಗಳಿಗೆ ನನ್ನ ಮೇಲೆ ಊರುತ್ತದೆ. ಈಗ ನಾನು ಅವಳ ಮುಖವನ್ನು ನೋಡಬಲ್ಲೆ.

ಊರಿನಲ್ಲೆಲ್ಲ ಹಿಮ ಮೊದಲು ಕರಗುವುದು ನನ್ನ ಹೊಟ್ಟೆಯೊಳಗೆ.